ಗೇಟಿನ ಹೊರಗೆ ನಿಂತವನಿಗೆ ಕಂಡ ಬೆಂಗಳೂರು

ಹೋದ ತಿಂಗಳು ಬಸವನಗುಡಿಯಲ್ಲಿ ಆರ್ಕಿಟೆಕ್ಚರ್ ಓದೋ ಹುಡುಗ್ರು, ಅವರ ಮೇಷ್ಟ್ರುಗಳು, ಏರಿಯಾದ ಹಿರಿಯರು ಒಂದಿಷ್ಟು ಜನ ಸೇರಿ, ಬಾಡಿಗೆ ಕಾರು ಓಡಿಸ್ತಿದ್ದ ನನ್ನನ್ನ ಊರಿನ ಕಟ್ಟಡಗಳ ಬಗ್ಗೆ ಮಾತಾಡೋಕೆ ಕರೆದಿದ್ರು. ಯಾರೋ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ರು, ಅದನ್ನ ಕೇಳ್ಕೊಂಡು ಟೈಪ್ ಮಾಡಿದೀನಿ. ಅಲ್ಲಲ್ಲಿ ಆಮೇಲೆ ನೆನಪಾದದ್ದನ್ನೂ ಸೇರಿಸಿದೀನಿ.

ಎಲ್ಲರಿಗೂ ನಮಸ್ಕಾರ. ಡ್ರೈವರ್ ಕೆಲಸ ಅಂದ್ರೆ ಗಾಡಿ ಓಡಿಸೋದು ಅಂತ ಎಲ್ಲರೂ ಅಂದ್ಕೋತಾರೆ, ಆದ್ರೆ ದಿನದಲ್ಲಿ ಜಾಸ್ತಿ ಹೊತ್ತು ನಾವು ಕಾಯ್ತಾ ಇರ್ತೀವಿ. ಲೋಕಲ್ ಪ್ಯಾಕೇಜ್ 8 ಗಂಟೆ 80 ಕಿಲೋಮೀಟರ್ ಅಂತ ಇರುತ್ತಲ್ಲ, ಲೆಕ್ಕ ಹಾಕಿ ನೋಡಿ, ಎಷ್ಟೇ ಟ್ರಾಫಿಕ್ ಇದ್ರೂ 80 ಕಿಲೋಮೀಟರ್ ಓಡಿಸೋಕೆ 8 ಗಂಟೆ ಬೇಡ, ಉಳಿದ ಹೊತ್ತೆಲ್ಲ ಯಾವುದೋ ಆಫೀಸ್ ಮುಂದೆ, ಆಸ್ಪತ್ರೆ ಮುಂದೆ, ಛತ್ರದ ಮುಂದೆ, ಯಾರದೋ ಮನೆ ಗೇಟ್ ಮುಂದೆ ಪಾರ್ಟಿ, ಅಂದ್ರೆ ಗಾಡಿ ಬಾಡಿಗೆಗೆ ತಗೊಂಡೋರು, ಹೊರಗೆ ಬರೋ ತನಕ ನಿಂತಿರ್ಬೇಕು. ಮೊದಲು ಅಂಬಾಸಿಡರ್‌ನಲ್ಲಿ, ಆಮೇಲೆ ಕಾಲ್ ಸೆಂಟರ್ ಕ್ವಾಲಿಸ್‌ನಲ್ಲಿ, ಕೊನೆಗೆ ಆ್ಯಪ್ ಹಾಕ್ಕೊಂಡು ಇಟಿಯೋಸ್‌ನಲ್ಲಿ ಈ ಊರಿನ ಎಷ್ಟು ಕಟ್ಟಡದ ಮುಂದೆ ಕಾದಿದೀನಿ ಅಂತ ಲೆಕ್ಕ ಇಟ್ಟಿಲ್ಲ. ಒಳಗೆ ಹೋಗಿ ನೋಡಿದ್ದು ಕಮ್ಮಿ. ಆದ್ರೆ ಒಂದು ಕಟ್ಟಡ ತನ್ನ ಹೊರಗೆ ನಿಂತೋನನ್ನ ಹೇಗೆ ನಡೆಸ್ಕೊಳ್ಳುತ್ತೆ ಅನ್ನೋದು ನನಗೆ ಚೆನ್ನಾಗಿ ಗೊತ್ತು, ಇವತ್ತು ಅದೊಂದನ್ನೇ ಹೇಳೋದು.

ನೆರಳು ಇದೆಯಾ, ಕೂರೋಕೆ ಏನಾದ್ರೂ ಇದೆಯಾ, ಕುಡಿಯೋ ನೀರು, ಟಾಯ್ಲೆಟ್ ಇದೆಯಾ, ನಿಂತಿದ್ರೆ ಯಾರಾದ್ರೂ ಬಂದು ಓಡಿಸ್ತಾರಾ. ಡ್ರೈವರ್ ಯಾವ ಜಾಗಕ್ಕೆ ಹೋದ್ರೂ ಮೊದಲು ನೋಡೋದು ಇಷ್ಟೇ.

ಪೇಟೆಯಿಂದ ಶುರು ಮಾಡ್ತೀನಿ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಊರು ಅಂತ ಹೇಳೋದು ಅದನ್ನೇ, ಬಳೇಪೇಟೆ, ಅಕ್ಕಿಪೇಟೆ, ಅರಳೇಪೇಟೆ, ತರಗುಪೇಟೆ. ಅಲ್ಲಿಗೆ ಕಾರ್ ಒಳಗೆ ಹೋಗಲ್ಲ, ಮದುವೆ ಸೀರೆ ತಗೊಳ್ಳೋಕೆ ಬಂದ ಪಾರ್ಟೀನ ಅವೆನ್ಯೂ ರೋಡ್ ಕಡೆ ಇಳಿಸಿ ಎಲ್ಲೋ ಗಾಡಿ ಹಾಕಿ ನಡ್ಕೊಂಡು ಒಳಗೆ ಹೋಗ್ತಿದ್ದೆ. ಉಳಿದಿರೋ ಹಳೇ ಮನೆಗಳಲ್ಲಿ ಬಾಗಿಲ ಎರಡೂ ಕಡೆ ಜಗಲಿ ಇದೆ, ಈಗ ಅದರ ಮೇಲೆ ಬಟ್ಟೆ ಬಂಡಲ್ಲು, ಜೆರಾಕ್ಸ್ ಮಷೀನು ಎಲ್ಲ ಇಟ್ಟಿದಾರೆ, ಆದ್ರೂ ಮೂಲೇಲಿ ಒಂದಷ್ಟು ಖಾಲಿ ಬಿಟ್ಟಿರ್ತಾರೆ, ಅಲ್ಲಿ ಕೂತ್ರೆ ಯಾರೂ ಏಳು ಅನ್ನಲ್ಲ. ಮೂಟೆ ಹೊರೋರು ಕೂರ್ತಾರೆ, ವಯಸ್ಸಾದೋರು ಕೂರ್ತಾರೆ. ಮನೆಯವರ ಜಾಗಾನೇ, ಆದ್ರೆ ಬೀದಿಯವರು ಬಳಸ್ಕೊಳ್ಳೋಕೆ ಅಂತಾನೇ ಕಟ್ಟಿಸಿರೋದು, ಕಟ್ಟಿಸೋವಾಗಲೇ ಗೊತ್ತಿತ್ತು ಅಪರಿಚಿತರು ಬಂದು ಇಲ್ಲಿ ಕೂರ್ತಾರೆ ಅಂತ.

ಈಗ ನಾವು ಕೂತಿರೋ ಬಸವನಗುಡಿ, ಆ ಕಡೆ ಮಲ್ಲೇಶ್ವರಂ, ಇವೆರಡೂ ಬೆಳೆದದ್ದು 1898ರ ಪ್ಲೇಗ್ ಆದ್ಮೇಲೆ. ಪೇಟೆಯ ಇಕ್ಕಟ್ಟಲ್ಲಿ ಜನ ಸತ್ತಿದ್ರು, ಅದಕ್ಕೆ ಗಾಳಿ ಬೆಳಕು ಬೇಕು ಅಂತ ಅಗಲ ರಸ್ತೆ, ಮನೆ ಸುತ್ತ ಜಾಗ, ಪಾರ್ಕು. ಜಗಲಿ ಇಲ್ಲಿ ಗೇಟಿನ ಒಳಗೆ ಹೋಯ್ತು, ಸಿಟೌಟ್ ಆಯ್ತು. ಆದ್ರೆ ಕಾಂಪೌಂಡು ಸೊಂಟದ ಎತ್ತರಕ್ಕಿತ್ತು. ಹಳೇ ಮನೆಗಳ ಕಾಂಪೌಂಡ್ ನೋಡಿ, ಎಷ್ಟೋ ಕಡೆ ನಮ್ಮ ಬೆಂಗಳೂರು ಕಲ್ಲಿನ ಚಪ್ಪಡೀನೇ ನಿಲ್ಲಿಸಿ ಮಾಡಿರೋದು, ಮಧ್ಯೆ ಕಿಂಡಿ ಇರುತ್ತೆ, ಒಳಗಿನ ಅಜ್ಜಿ ಹೂ ಬಿಡಿಸ್ತಿರೋದು ಹೊರಗಿನೋರಿಗೆ ಕಾಣುತ್ತೆ, ಹೊರಗೆ ಡ್ರೈವರ್ ನಿಂತಿರೋದು ಅಜ್ಜಿಗೂ ಕಾಣುತ್ತೆ. ಕಂಡಮೇಲೆ ಸುಮ್ನೆ ಇರೋಕಾಗುತ್ತಾ, "ಯಾಕಪ್ಪಾ ಬಿಸಿಲಲ್ಲಿ ನಿಂತಿದೀಯ, ಒಳಗೆ ಬಾ" ಅಂತಾರೆ, ನೀರು ಕೊಡ್ತಾರೆ, ಕಾಫಿ ಕೊಡ್ತಾರೆ. ಅವರು ಒಳ್ಳೆ ಜನ, ನಿಜ, ಆದ್ರೆ ಆ ಗೋಡೆ ಎಂಟಡಿ ಇದ್ದಿದ್ರೆ ಅವರ ಒಳ್ಳೇತನಕ್ಕೆ ನಾನು ಕಾಣ್ತಾನೇ ಇರ್ಲಿಲ್ಲ.

ಹಳೇದೆಲ್ಲ ಚೆನ್ನಾಗಿತ್ತು ಅಂತ ಹೇಳೋಕೆ ನಾನು ಬಂದಿಲ್ಲ. ಮಲ್ಲೇಶ್ವರಂ, ಬಸವನಗುಡಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಲೇನ್ ಅಂತ ಸಣ್ಣ ಓಣಿ ಇದಾವಲ್ಲ, ಅವನ್ನ ಬಿಟ್ಟಿದ್ದು ಯಾಕೆ ಅಂತ ಈಗಿನ ಮಕ್ಕಳಿಗೆ ಗೊತ್ತಿರಲ್ಲ, ಮನೆ ಹಿಂದಿನ ಕಕ್ಕಸಿನಿಂದ ಮಲ ಹೊರೋರು ಮುಂದಿನ ರಸ್ತೇಲಿ ಕಾಣಬಾರದು ಅಂತ. ಮುಂಬಾಗಿಲಲ್ಲಿ ಅಷ್ಟು ಪ್ರೀತಿ ಇಟ್ಟು ಕಟ್ಟಿದ ಲೇಔಟೇ ಕೆಲವರಿಗೆ ಹಿಂದಿನ ಓಣಿ ಅಂತ ನಕ್ಷೆಯಲ್ಲೇ ಬರೆದಿಟ್ಟಿತ್ತು. ಯಾರು ಮುಂದೆ ಬರ್ಬೇಕು ಯಾರು ಹಿಂದೆ ಅನ್ನೋದು ಇಟ್ಟಿಗೆ ಇಡೋಕೆ ಮುಂಚೇನೇ ಡ್ರಾಯಿಂಗ್‌ನಲ್ಲಿ ತೀರ್ಮಾನ ಆಗಿರುತ್ತೆ. ಡ್ರಾಯಿಂಗ್ ಹಾಕೋ ಮಕ್ಕಳು ಇಲ್ಲಿದೀರ ಅಂತ ಇದನ್ನ ಒತ್ತಿ ಹೇಳ್ತಿದೀನಿ.

ದಂಡು ಕಡೆ, ಅಂದ್ರೆ ಕಂಟೋನ್ಮೆಂಟ್ ಬಂಗಲೆಗಳಲ್ಲಿ, ಕಿಟಕಿ ಮೇಲೆ ಚೂಪಾದ ಮರದ ಮುಚ್ಚಿಗೆ ಇರುತ್ತಲ್ಲ ಮಂಕಿ ಟಾಪ್ ಅಂತ, ಅದನ್ನ ಎಲ್ರೂ ಫೋಟೋ ಹೊಡೀತಾರೆ, ನನಗೆ ಇಷ್ಟ ಆಗ್ತಿದ್ದಿದ್ದು ಅವರ ಪೋರ್ಟಿಕೋ. ಮಳೆ ಬಂದ್ರೆ ಕಾರ್ ಸೀದಾ ಅದರ ಕೆಳಗೆ, ಅಮ್ಮಾವ್ರು ನೆನೀದೆ ಹತ್ತುತ್ತಾರೆ, ಜೊತೆಗೆ ಡ್ರೈವರೂ ನೆನೆಯಲ್ಲ.

ಇನ್ನು ಮರ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡ್ತೀನಿ, ಬೇಜಾರ್ ಮಾಡ್ಕೋಬೇಡಿ, ಯಾಕಂದ್ರೆ ಬೆಂಗಳೂರಲ್ಲಿ ಕಾಯೋರಿಗೆ ಸೂರು ಅಂತ ಇದ್ದಿದ್ದು ಮರಾನೇ. ಗಾಡಿ ಎಲ್ಲಿ ಹಾಕ್ಬೇಕು ಅಂತ ನಿಂತಾಗ ನಾವು ಮೇಲೆ ನೋಡ್ತೀವಿ. ಹೊಂಗೆ ಮರ ಆದ್ರೆ ಕಣ್ಣು ಮುಚ್ಕೊಂಡು ಹಾಕ್ಬಹುದು, ನೆರಳು ದಟ್ಟ, ತಂಪು, ಬೇಸಿಗೇಲಿ ಹೂ ಉದುರುತ್ತೆ ಬಾನೆಟ್ ಮೇಲೆ ಪುರಿ ಚೆಲ್ಲಿದ ಹಾಗೆ, ಒಂದು ಸಲ ಬಟ್ಟೆ ಆಡಿಸಿದ್ರೆ ಹೋಯ್ತು. ಮಳೆಮರ ಅಂದ್ರೆ ದೊಡ್ಡ ಕೊಂಬೆ ಹರಡಿ ರಸ್ತೆ ಆಕಡೆಯಿಂದ ಈಕಡೆಗೆ ನೆರಳು ಕೊಡುತ್ತೆ, ಆದ್ರೆ ಕೆಲವು ತಿಂಗಳು ಅದರಿಂದ ಅಂಟು ಅಂಟಾಗಿ ಹನಿ ಬೀಳುತ್ತೆ, ವಿಂಡ್‌ಶೀಲ್ಡ್ ಮೇಲೆ ಒಣಗಿದ್ರೆ ವೈಪರ್ ಹಾಕಿದಾಗ ಇನ್ನೂ ಮಬ್ಬಾಗುತ್ತೆ, ನೀರು ಹಾಕಿ ಕೈಯಲ್ಲೇ ಉಜ್ಜಬೇಕು. ಸಂಜೆ ಆಗ್ತಿದ್ದ ಹಾಗೆ ಎಲೆ ಮಡಚ್ಕೊಳ್ಳುತ್ತೆ, ವಾಚ್ ನೋಡದೇ ಇದ್ರೂ ಟೈಮ್ ಅಂದಾಜು ಸಿಗೋದು. ನೀರುಕಾಯಿ ಮರದ ಕೆಳಗೆ ಹಾಕಿದ್ರೆ ಸ್ಕೂಲ್ ಬಿಟ್ಟ ಹುಡುಗ್ರು ಮೊಗ್ಗು ಹಿಂಡಿ ನೀರು ಚಿಮ್ಮಿಸ್ತಾರೆ. ಗುಲ್‌ಮೊಹರ್ ಚಂದ, ಆದ್ರೆ ಗಾಳಿ ಮಳೆಗೆ ಕೊಂಬೆ ಮುರಿಯುತ್ತೆ, ಏಪ್ರಿಲ್ ಮೇ ತಿಂಗಳ ಸಂಜೆ ಮೋಡ ಕಟ್ಟಿದ್ರೆ ಯಾವ ಹಳೇ ಡ್ರೈವರೂ ಅದರ ಕೆಳಗೆ ಗಾಡಿ ಹಾಕಲ್ಲ.

ಈ ಮರಗಳು ತಾವಾಗೇ ಬಂದಿದ್ದಲ್ಲ. ಲಾಲ್‌ಬಾಗ್‌ಗೆ 1908ರಲ್ಲಿ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್ ಒಂದು ಮರ ಹೂ ಮುಗಿಸೋ ಹೊತ್ತಿಗೆ ಇನ್ನೊಂದು ಶುರು ಮಾಡ್ಬೇಕು ಅಂತ ಲೆಕ್ಕ ಹಾಕಿ ರಸ್ತೆಗಳಿಗೆ ಮರ ಆರಿಸಿದ್ರು. ಆಮೇಲೆ 1980ರ ದಶಕದಲ್ಲಿ ಅರಣ್ಯ ಇಲಾಖೆಯ ಎಸ್.ಜಿ. ನೇಗಿನಹಾಳ ಅವರು ಮುಂದೆ ನಿಂತು ಸುಮಾರು 15 ಲಕ್ಷ ಗಿಡ ನೆಡಿಸಿದ್ರು. ಅಂದ್ರೆ ನಾನು ಅಂಬಾಸಿಡರ್ ಓಡಿಸ್ತಿದ್ದಾಗ ಯಾವ ನೆರಳಲ್ಲಿ ಬುತ್ತಿ ಬಿಚ್ಚಿ ಊಟ ಮಾಡ್ತಿದ್ದೆನೋ, ಅದರಲ್ಲಿ ಎಷ್ಟೋ ಮರ ಒಬ್ಬ ಸರ್ಕಾರಿ ಅಧಿಕಾರಿ ಹಟ ಹಿಡಿದು ನೆಡಿಸಿದ್ದು. ವಿಮಾನ ನಿಲ್ದಾಣಕ್ಕೆ ಅಂತ ಬಳ್ಳಾರಿ ರೋಡ್ ಅಗಲ ಮಾಡಿದಾಗ, ಮೆಟ್ರೋಗೆ, ಫ್ಲೈಓವರ್‌ಗೆ ಮರ ಕಡಿದಾಗ ಪೇಪರ್‌ನಲ್ಲಿ ಪರಿಸರ ಅಂತ ಬರೆದ್ರು. ನಮಗೆ ಅದು ಕೂರೋ ಜಾಗ ಹೋಗಿದ್ದು. ಮೆಟ್ರೋ ಬೇಕು, ನಾನೂ ಈಗ ಅದರಲ್ಲೇ ಓಡಾಡೋದು, ಆದ್ರೆ ಮೆಟ್ರೋ ಪಿಲ್ಲರ್ ನೆರಳು ಅರ್ಧ ಗಂಟೆಗೊಂದು ಸಲ ಜಾಗ ಬದಲಾಯಿಸುತ್ತೆ, ಅದರ ಹಿಂದೆ ಹಿಂದೆ ನಾವು ಜರುಗ್ತಾ ಇರ್ಬೇಕು.

ದೊಡ್ಡ ಕಟ್ಟಡಗಳ ವಿಷ್ಯ. ವಿಧಾನಸೌಧ 1956ರಲ್ಲಿ ಮುಗೀತು, ಕೆಂಗಲ್ ಹನುಮಂತಯ್ಯನವರ ಕನಸು, ಇಂಜಿನಿಯರ್ ಬಿ.ಆರ್. ಮಾಣಿಕ್ಯಂ ಅವರದ್ದು, ಎದುರಿಗೆ ಕೆಂಪು ಅಠಾರಾ ಕಚೇರಿ, ಅಂದ್ರೆ ಹೈಕೋರ್ಟ್. ಹೊರ ಊರಿಂದ ಬಂದೋರು ಯಾರೇ ಆಗ್ಲಿ ಭಾನುವಾರ ಸಾಯಂಕಾಲ ಲೈಟಿಂಗ್ ನೋಡ್ಬೇಕು ಅಂತಿದ್ರು, ಕರ್ಕೊಂಡು ಹೋಗ್ತಿದ್ದೆ. ಆ ಮೆಟ್ಟಿಲು ನೋಡಿ, ಎಷ್ಟು ಅಗಲ ಇದೆ, ಸಾವಿರಾರು ಜನ ಕೂರಬಹುದು, ರಾಜನ ಅರಮನೆಗಿಂತ ದೊಡ್ಡದಾಗಿ ಜನರ ಮನೆ ಇರ್ಬೇಕು ಅಂತ ಕಟ್ಟಿದ್ದು ಅನ್ಸುತ್ತೆ. ಈಗ ಮುಂದೆ ಕಬ್ಬಿಣದ ಬೇಲಿ, ಜನ ಬೇಲಿ ಹೊರಗೆ ಫುಟ್‌ಪಾತ್ ಮೇಲೆ ನಿಂತು ಸೆಲ್ಫಿ ತಗೋತಾರೆ. ಸೆಕ್ಯುರಿಟಿ ಬೇಕು ಅಂತಾರೆ, ಇರಬಹುದು. ಆದ್ರೆ ಜನ ಹತ್ತದೇ ಇರೋ ಮೆಟ್ಟಿಲು ನೋಡಿದ್ರೆ ನನಗೆ ಸಂಕಟ ಆಗುತ್ತೆ.

ಟೌನ್‌ಹಾಲ್ 1935ರದ್ದು. ಅದರ ಮೆಟ್ಟಿಲು ರಸ್ತೆಗೇ ಇಳಿಯುತ್ತೆ. ಮಾರ್ಕೆಟ್ ಕಡೆಯಿಂದ ಬರುವಾಗ ಸಿಗ್ನಲ್ಲಲ್ಲಿ ನಿಂತ್ರೆ ಇವತ್ತು ಯಾರು ಯಾವುದಕ್ಕೆ ಕೂತಿದಾರೆ ಅಂತ ಗೊತ್ತಾಗೋದು, ಪೌರಕಾರ್ಮಿಕರು, ಅಂಗನವಾಡಿ ಅಕ್ಕಂದಿರು, ರೈತರು, ಕನ್ನಡ ಸಂಘದೋರು, ಬೋರ್ಡ್ ಓದಿಕೊಂಡು ಮುಂದೆ ಹೋಗ್ತಿದ್ವಿ, ಪೇಪರ್ ಓದೋ ಅಗತ್ಯ ಇರ್ಲಿಲ್ಲ. ಈಗ ಪ್ರತಿಭಟನೆ ಎಲ್ಲ ಫ್ರೀಡಂ ಪಾರ್ಕ್‌ನಲ್ಲೇ ಮಾಡ್ಬೇಕು ಅಂತ ರೂಲ್ ಆಗಿದೆ. ಅದು ಹಳೇ ಸೆಂಟ್ರಲ್ ಜೈಲಿದ್ದ ಜಾಗ, ತುರ್ತು ಪರಿಸ್ಥಿತೀಲಿ ವಾಜಪೇಯಿ, ಅಡ್ವಾಣಿ ಅವರನ್ನ ಇಟ್ಟಿದ್ದ ಜೈಲು. ಟ್ರಾಫಿಕ್ ಕಮ್ಮಿ ಆಯ್ತು ಅಂತ ನಮ್ಮ ಡ್ರೈವರ್‌ಗಳಲ್ಲೇ ಖುಷಿ ಪಟ್ಟೋರು ಇದಾರೆ. ನನಗೆ ಖುಷಿ ಆಗ್ಲಿಲ್ಲ, ಸಿಗ್ನಲ್ಲಲ್ಲಿ ಎರಡು ನಿಮಿಷ ಜಾಸ್ತಿ ನಿಂತು ಅಂಗನವಾಡಿ ಅಕ್ಕಂದಿರ ಸಂಬಳ ಎಷ್ಟು ಅಂತ ತಿಳ್ಕೊಂಡಿದ್ದು ವೇಸ್ಟ್ ಅಂತ ನನಗೆ ಅನ್ಸಿಲ್ಲ.

ಸಿನಿಮಾ ಥಿಯೇಟರ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಕಪಾಲಿ, ಸಾಗರ್, ತ್ರಿಭುವನ್, ಪ್ಲಾಜಾ ಎಲ್ಲ ನಮಗೆ ಅಡ್ರೆಸ್ ಆಗಿದ್ದೋವು. ಕಪಾಲಿ 1968ರಲ್ಲಿ ಶುರುವಾಗಿ 2017ರಲ್ಲಿ ಮುಚ್ಚಿತು. ಥಿಯೇಟರ್ ಮುಂದೆ ಖಾಲಿ ಅಂಗಳ, ಕಟೌಟು, ಕಡ್ಲೆಕಾಯಿ ಗಾಡಿ, ಟಿಕೆಟ್ ತಗೊಂಡಿರ್ಲಿ ಬಿಡ್ಲಿ ಯಾರು ಬೇಕಾದ್ರೂ ನಿಲ್ಲಬಹುದಿತ್ತು. ಮಾಲ್‌ನಲ್ಲಿ ಕಾರು ಸೀದಾ ಬೇಸ್‌ಮೆಂಟ್‌ಗೆ ಇಳಿಯುತ್ತೆ, ಅಲ್ಲಿ ಹೊಗೆ, ಸೆಕೆ, ನೆಟ್‌ವರ್ಕ್ ಬೇರೆ ಇರಲ್ಲ, ಪಾರ್ಟಿ ಕಾಲ್ ಮಾಡಿದ್ರೆ ಸಿಗಲ್ಲ, ಆಮೇಲೆ ಬೈಸ್ಕೊಳ್ಳೋರು ನಾವು.

ಕಟ್ಟಡ ಅಂದ್ರೆ ಕೆಳಗಿನ ನೆಲವೂ ಸೇರಿತು ಅಂತ ನಮಗೆ ಕ್ಲಚ್ ಹೇಳುತ್ತೆ. ಮ್ಯಾಪ್‌ನಲ್ಲಿ ಬೆಂಗಳೂರು ಚಪ್ಪಟೆ ಕಾಣುತ್ತೆ, ಟ್ರಾಫಿಕ್‌ನಲ್ಲಿ ಹಾಫ್ ಕ್ಲಚ್ ಹಿಡಿದೋನ ಮಂಡಿಗೆ ಎಲ್ಲಿ ಏರು ಎಲ್ಲಿ ಇಳಿಜಾರು ಅಂತ ಗೊತ್ತು. ಊರು ದಿಣ್ಣೆ ಮೇಲಿದೆ, ಒಂದು ಕಡೆ ಬಿದ್ದ ಮಳೆ ವೃಷಭಾವತಿಗೆ, ಇನ್ನೊಂದು ಕಡೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ ಹೋಗುತ್ತೆ, ಹಿಂದಿನೋರು ಆ ಇಳಿಜಾರಲ್ಲಿ ಒಂದರ ಕೆಳಗೆ ಒಂದು ಕೆರೆ ಕಟ್ಟಿದ್ರು. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರೋದು ಧರ್ಮಾಂಬುಧಿ ಕೆರೆ ಅಂಗಳದಲ್ಲಿ, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ ಜಾಗದಲ್ಲಿ. ಕೆರೆ ಮುಚ್ಚಿದ್ರೂ ನೀರು ಅದೇ ದಾರೀಲೇ ಬರೋದು. 2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡ್, ಬೆಳ್ಳಂದೂರು ಕಡೆ ಕೋಟಿ ಕೋಟಿ ಬೆಲೆಯ ಮನೆಗಳೋರನ್ನ ಟ್ರ್ಯಾಕ್ಟರ್‌ನಲ್ಲಿ, ಬೋಟ್‌ನಲ್ಲಿ ಕರ್ಕೊಂಡು ಬಂದ್ರಲ್ಲ, ಮಳೆನೀರು ಹರಿಯೋ ರಾಜಕಾಲುವೆ ಮೇಲೆ, ಪಕ್ಕದಲ್ಲಿ ಕಟ್ಟಿದ್ರೆ ಇನ್ನೇನಾಗುತ್ತೆ. 2023ರ ಮೇ 21ಕ್ಕೆ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಬಾಡಿಗೆ ಕಾರು ಮುಳುಗಿ ಒಬ್ಬ ಹೆಣ್ಣುಮಗಳು ತೀರ್ಕೊಂಡ್ಳು. ವಿಧಾನಸೌಧದ ಪಕ್ಕದಲ್ಲೇ. ಮಳೆ ಬರ್ತಿದ್ರೆ ಅಂಡರ್‌ಪಾಸ್‌ಗೆ ಗಾಡಿ ಇಳಿಸ್ಬೇಡಿ ಅಂತ ನಾನು ಎಲ್ಲ ಡ್ರೈವರ್‌ಗಳಿಗೂ ಹೇಳ್ತೀನಿ, ಪಾರ್ಟಿ ಎಷ್ಟೇ ಅರ್ಜೆಂಟ್ ಮಾಡ್ಲಿ. ಆದ್ರೆ ಊರಿನ ನಡುಮಧ್ಯದಲ್ಲಿ ಮಳೆ ಬಂದ್ರೆ ಪ್ರಾಣ ಹೋಗೋ ಅಂಥ ರಸ್ತೆ ಕಟ್ಟಿ, ಆಮೇಲೆ ಬರೀ ಡ್ರೈವರ್ ನೋಡ್ಕೋಬೇಕು ಅನ್ನೋದು ಸರಿಯಲ್ಲ.

2008ರ ಮೇ 24ಕ್ಕೆ ಏರ್‌ಪೋರ್ಟ್ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋಯ್ತು, ಅವತ್ತಿಂದ ನಮ್ಮ ಜೀವನಾನೂ ಬದಲಾಯ್ತು. ಹಳೇದು ಇಕ್ಕಟ್ಟು, ಗಲಾಟೆ, ಆದ್ರೆ ಹೊರಬಾಗಿಲ ಹತ್ರಾನೇ ಬೋರ್ಡ್ ಹಿಡ್ಕೊಂಡು ನಿಲ್ತಿದ್ವಿ, ದುಬೈಯಿಂದ ಬಂದ ಮಗನನ್ನ ತಬ್ಕೊಂಡು ಅಳೋ ತಾಯಂದಿರನ್ನ ಪಕ್ಕದಲ್ಲೇ ನಿಂತು ನೋಡ್ತಿದ್ವಿ. ಹೊಸದು ದೊಡ್ಡದು, ಎರಡನೇ ಟರ್ಮಿನಲ್ ಅಂತೂ ಬಿದಿರು, ತೂಗೋ ಗಿಡ ಎಲ್ಲ ಹಾಕಿ ತುಂಬಾ ಚೆನ್ನಾಗಿ ಕಟ್ಟಿದಾರೆ, ಅದರ ಬಗ್ಗೆ ನನಗೆ ಹೆಮ್ಮೆ ಇದೆ.

ಆದ್ರೆ ಐಟಿ ಕಟ್ಟಡಗಳ ಬಗ್ಗೆ ನನಗೆ ಸಿಟ್ಟಿದೆ. ಗಾಜಿನ ವಿಷ್ಯ ಮೊದಲು. ಬೆಂಗಳೂರಿನ ಹವಾ ಎಂಥದ್ದು, ಕಿಟಕಿ ತೆಗೆದ್ರೆ ವರ್ಷದಲ್ಲಿ ಜಾಸ್ತಿ ದಿನ ಫ್ಯಾನೂ ಬೇಡ ಅನ್ನೋ ಊರಿದು. ಬನ್ನೇರುಘಟ್ಟ ರೋಡಲ್ಲಿರೋ ಐಐಎಂ ಕಟ್ಟಡ ಆರ್ಕಿಟೆಕ್ಟ್ ದೋಶಿಯವರು ಕಟ್ಟಿದ್ದು, ಅಲ್ಲಿ ಗೆಸ್ಟ್ ಡ್ರಾಪ್ ಮಾಡೋಕೆ ಹೋದಾಗೆಲ್ಲ ನೋಡ್ತಿದ್ದೆ, ನಮ್ಮ ಒರಟು ಕಲ್ಲು, ಉದ್ದುದ್ದ ಕಾರಿಡಾರು, ಮೇಲೆ ಬಳ್ಳಿ, ಬಿಸಿಲು ಸೋಸ್ಕೊಂಡು ಕೆಳಗೆ ಬರುತ್ತೆ. ಅಂಥದ್ದೊಂದು ಮಾದರಿ ಊರಲ್ಲೇ ಇಟ್ಕೊಂಡು ಪಶ್ಚಿಮಕ್ಕೆ ಮುಖ ಮಾಡಿ ನೆಲದಿಂದ ತುದಿವರೆಗೂ ಗಾಜು ಹೊದಿಸ್ತಾರೆ. ಸಂಜೆ ನಾಲ್ಕೂವರೆ ಐದು ಗಂಟೆಗೆ ರಿಂಗ್ ರೋಡಲ್ಲಿ ಬನ್ನಿ, ಎದುರಿಗೆ ಒಂದು ಸೂರ್ಯ, ಪಕ್ಕದ ಗಾಜಲ್ಲಿ ಇನ್ನೊಂದು ಸೂರ್ಯ, ಮುಂದಿನ ಸ್ಕೂಟರೇ ಕಾಣಲ್ಲ.

ಒಳಗಿನೋರಿಗೆ ಎಸಿ ಇದೆ. ಹೊರಗೆ ನೂರಾರು ಕ್ಯಾಬ್ ಸರ್ವಿಸ್ ರೋಡಲ್ಲಿ. ಒಂದು ಕಂಪನಿಗೆ ಮಂತ್ಲಿ ಮೇಲೆ ಗಾಡಿ ಬಿಟ್ಟಿದ್ದೆ, ರಾತ್ರಿ ಶಿಫ್ಟು, ಲಾಗಿನ್ ಡ್ರಾಪ್, ಅಂದ್ರೆ ಶಿಫ್ಟಿಗೆ ಬರೋರನ್ನ ಆಫೀಸಿಗೆ ಬಿಟ್ಟ ಮೇಲೆ ಮುಂದಿನ ಪಿಕಪ್ ಬೆಳಗಿನ ಜಾವಕ್ಕೆ. ಒಳಗೆ ಫುಟ್‌ಬಾಲ್ ಆಡೋ ಅಷ್ಟು ಹುಲ್ಲುಹಾಸು ಇತ್ತು, ಕಾರಂಜಿ ಇತ್ತು, ಡ್ರೈವರ್‌ಗಳಿಗೆ ಒಂದು ಟಾಯ್ಲೆಟ್ ಇರ್ಲಿಲ್ಲ. ಕೇಳಿದ್ರೆ ಪರ್ಮಿಷನ್ ಇಲ್ಲ ಅಂದ್ರು. ಗಂಡಸರು ಗೋಡೆ ಹುಡ್ಕೊಂಡು ಹೋಗ್ತಿದ್ರು, ನಮ್ಮ ಜೊತೆ ಓಡಿಸ್ತಿದ್ದ ಒಬ್ಬ ಹೆಣ್ಣುಮಗಳು ಡ್ಯೂಟಿ ಮುಗಿಯೋ ತನಕ ನೀರೇ ಕುಡೀತಿರ್ಲಿಲ್ಲ. ಅವಳಿಗೆ ಉರಿಮೂತ್ರ ಬಂದು ಆಸ್ಪತ್ರೆಗೆ ಸೇರಿಸಿ, ಕೊನೆಗೆ ಕೆಲಸಾನೇ ಬಿಟ್ಳು. ಆ ಕಟ್ಟಡದ ಎದುರಿಗೆ ಏನೋ ಪರಿಸರಸ್ನೇಹಿ ಅಂತ ಸರ್ಟಿಫಿಕೇಟ್ ಬೋರ್ಡ್ ಹಾಕಿದ್ರು. ಅದನ್ನ ಕಟ್ಟಿದೋರು ಕೆಟ್ಟೋರು ಅಂತ ನಾನು ಅನ್ನಲ್ಲ. ಡ್ರಾಯಿಂಗ್ ಹಾಕುವಾಗ ನಾವು ಅವರ ತಲೇಲಿ ಇರ್ಲೇ ಇಲ್ಲ, ಅಷ್ಟೇ, ಮತ್ತೆ ಅದೇ ನನಗೆ ಸಹಿಸೋಕಾಗದೇ ಇರೋದು.

ಅಪಾರ್ಟ್‌ಮೆಂಟ್‌ಗಳಲ್ಲೂ ಹಾಗೇ, ಕೆಲಸದೋರಿಗೆ ಬೇರೆ ಲಿಫ್ಟು, ಡ್ರೈವರ್‌ಗೆ ಬೇಸ್‌ಮೆಂಟು. ಸರ್ಜಾಪುರ ರೋಡ್ ಕಡೆ ಒಂದಿನ ಜೋರು ಮಳೆ, ಪಿಕಪ್ ಲೇಟು, ಗಾಡಿ ಒಳಗೆ ಬಿಡೋ ಹಾಗಿಲ್ಲ, ಬಾಗಿಲ ಸಂದೀಲಿ ನೀರು ಬರ್ತಿತ್ತು. ಗೇಟಲ್ಲಿದ್ದ ಸೆಕ್ಯುರಿಟಿ ಹುಡುಗ, ಅಸ್ಸಾಂ ಕಡೆಯವನು, ಕನ್ನಡ ಸರಿಯಾಗಿ ಬರಲ್ಲ, "ಅಣ್ಣ ಬಾ" ಅಂತ ಕರೆದು ಅವನ ಗೂಡಲ್ಲಿ ಜಾಗ ಮಾಡಿಕೊಟ್ಟ. ಗೂಡು ಅಂದ್ರೆ ಗೂಡೇ, ಒಂದು ಪ್ಲಾಸ್ಟಿಕ್ ಚೇರ್, ರಿಜಿಸ್ಟರ್ ಇಡೋ ಹಲಗೆ, ಗೋಡೇಲಿ ಇಂಟರ್‌ಕಾಮ್, ಮೊಳೆಗೆ ನೇತು ಹಾಕಿದ ಟಿಫನ್ ಬ್ಯಾಗು. ಇಬ್ಬರು ನಿಂತ್ರೆ ಭುಜಕ್ಕೆ ಭುಜ ತಾಗುತ್ತೆ. ಚೇರ್ ನನಗೆ ಕೊಟ್ಟು ಅವನು ನಿಂತ. ಹನ್ನೆರಡು ಗಂಟೆ ಡ್ಯೂಟಿ ಅಂತೆ, ಅಷ್ಟರಲ್ಲೇ. ಹಿಂದೆ ಇಪ್ಪತ್ತು ಮಹಡಿ ಟವರ್‌ಗಳು, ಮುಂದೆ ಕಮಾನು, ಕಮಾನಿಗೆ ಹಾಕಿದ ಕಲ್ಲಲ್ಲಿ ಒಂದು ಒಳ್ಳೇ ರೂಮು ಆಗ್ತಿತ್ತು.

ಇನ್ನೊಂದು ಮಾತು. ಬೆಂಗಳೂರು ಈಚಿನ ವರ್ಷಗಳಲ್ಲಿ ಕಟ್ಟಿದ್ರಲ್ಲಿ ನನಗೆ ತುಂಬಾ ಇಷ್ಟ ಆಗೋದು ದರ್ಶಿನಿ. 1980ರ ದಶಕದಲ್ಲಿ ಜಯನಗರ ಕಡೆ ಶುರುವಾಗಿದ್ದು. ನಿಮ್ಮ ಓದಿನಲ್ಲಿ ಅದು ಬರುತ್ತೋ ಇಲ್ವೋ, ಬರ್ಬೇಕು. ಬಾಗಿಲೇ ಇರಲ್ಲ, ಶಟರ್ ಎತ್ತಿದ್ರೆ ಬೀದೀನೇ ಹೋಟ್ಲು. ದುಡ್ಡು ಕೊಟ್ಟು ಟೋಕನ್ ತಗೋಬೇಕು, ಕೌಂಟರ್‌ನಲ್ಲಿ ಇಡ್ಲಿ ವಡೆ ಈಸ್ಕೊಂಡು ಎದೆಮಟ್ಟದ ಟೇಬಲ್ ಹತ್ರ ನಿಂತು ತಿನ್ನೋದು, ಅಡುಗೆ ಮನೆ ಕಣ್ಣೆದುರಿಗೇ ಕಾಣುತ್ತೆ, ಕೈ ತೊಳೆಯೋ ಜಾಗ ಎಲ್ಲರಿಗೂ ಒಂದೇ. ಕುರ್ಚಿ ಇಲ್ಲದೇ ಇರೋದ್ರಿಂದ ಯಾರಿಗೂ ಫ್ಯಾಮಿಲಿ ರೂಮು, ಎಸಿ ರೂಮು ಅಂತ ಬೇರೆ ಜಾಗ ಇಲ್ಲ. ನನ್ನ ಕಾರಲ್ಲಿ ಹಿಂದೆ ಕೂತು ಬಂದ ಸಾಹೇಬ್ರು, ನಾನು, ಪೇಪರ್ ಹಾಕೋ ಹುಡುಗ, ಮೂರೂ ಜನ ಒಂದೇ ಟೇಬಲ್ಲಲ್ಲಿ ಚಟ್ನಿ ಹಾಕಿಸ್ಕೊಂಡಿದೀವಿ. ಕಾರಲ್ಲಿ ಒಂದು ಗಂಟೆ ಮಾತಾಡದೇ ಇದ್ದ ಸಾಹೇಬ್ರು ಅಲ್ಲಿ ನಿಂತ್ಕೊಂಡು "ನಿಮ್ಮ ಊರು ಯಾವುದು" ಅಂತ ಕೇಳಿದಾರೆ.

ಆಮೇಲೆ ಪ್ರಶ್ನೆ ಕೇಳಿದ್ರು. ಒಬ್ಬರು ಹಿರಿಯರು ಸೆಕ್ಯುರಿಟಿ ಕಾಲದಲ್ಲಿ ಗೋಡೆ ತಗ್ಗಿಸೋಕಾಗುತ್ತಾ ಅಂದ್ರು. ಗೋಡೆ ಎತ್ತರ ಆದ ಏರಿಯಾದಲ್ಲಿ ಕಳ್ಳತನ ನಿಂತಿರೋದು ನಾನಂತೂ ನೋಡಿಲ್ಲ ಸರ್, ರಸ್ತೆ ಮೇಲೆ ಕಣ್ಣು ಕಮ್ಮಿ ಆಗಿದೆ, ಅಷ್ಟು ಹೇಳಬಲ್ಲೆ ಅಂದೆ.

ಆರ್ಕಿಟೆಕ್ಚರ್ ಓದೋ ಒಬ್ಬ ಹುಡುಗಿ, ಹಾಗಾದ್ರೆ ನಾವು ಡ್ರಾಯಿಂಗ್‌ನಲ್ಲಿ ಏನು ಹಾಕ್ಬೇಕು ಹೇಳಿ ಅಂಕಲ್ ಅಂದ್ಳು, ಪೆನ್ ಹಿಡ್ಕೊಂಡೇ ಕೇಳಿದ್ಳು, ಅದಕ್ಕೆ ನಾನೂ ಬರ್ಕೊಳ್ಳೋ ಹಾಗೇ ಹೇಳ್ದೆ. ಗೇಟಿನ ಹತ್ರ ಒಂದು ರೂಮು ಹಾಕಮ್ಮ, ಗೇಟು ಕಾಣೋ ಹಾಗಿರ್ಲಿ, ಇಲ್ಲಾಂದ್ರೆ ಪಾರ್ಟಿ ಬಂದಿದ್ದು ಗೊತ್ತಾಗಲ್ಲ. ಒಳಗೆ ಗೋಡೆಯುದ್ದಕ್ಕೂ ಕಲ್ಲು ಬೆಂಚು, ಒಬ್ಬ ಮನುಷ್ಯ ಕಾಲು ಚಾಚಿ ಮಲಗೋ ಅಷ್ಟು ಅಗಲ, ರಾತ್ರಿ ಡ್ಯೂಟಿಯೋರು ಕಣ್ಣು ಮುಚ್ಚದೇ ಓಡಿಸಿದ್ರೆ ಆ್ಯಕ್ಸಿಡೆಂಟ್ ಆಗುತ್ತೆ. ಕುಡಿಯೋ ನೀರಿನ ನಲ್ಲಿ, ಫೋನ್ ಚಾರ್ಜ್ ಹಾಕೋಕೆ ನಾಲ್ಕೈದು ಪಾಯಿಂಟು, ಗಂಡಸರಿಗೊಂದು ಹೆಂಗಸರಿಗೊಂದು ಟಾಯ್ಲೆಟ್ಟು, ಒಳಗಿಂದ ಚಿಲಕ ಹಾಕೋ ಹಾಗೆ. ಕೊರಿಯರ್ ಹುಡುಗ್ರು, ಊಟ ತಂದುಕೊಡೋ ಹುಡುಗ್ರು, ಮನೆಗೆಲಸದೋರು, ಎಲ್ಲರೂ ಬಳಸ್ಲಿ. ಹೊರಗೆ ಒಂದು ಹೊಂಗೆ ಗಿಡ. ಇದನ್ನ ಬಿಲ್ಡಿಂಗ್ ಬೈಲಾದಲ್ಲೇ ಸೇರಿಸ್ಬೇಕು, ಅಷ್ಟು ಫ್ಲ್ಯಾಟ್‌ಗೆ ಇಷ್ಟು ಕಾರ್ ಪಾರ್ಕಿಂಗ್ ಅಂತ ರೂಲ್ ಇದೆಯಲ್ಲ, ಹಾಗೇ ಇದಕ್ಕೂ ರೂಲ್ ಬೇಕು. ಅದು ಆಗೋ ತನಕ ನೀವೇ ಹಾಕಿ. ಓನರ್ ಕೇಳಿದ್ರೆ ಖರ್ಚು ಎಷ್ಟಾಗುತ್ತೆ ಅಂತ ಲೆಕ್ಕ ತೋರ್ಸಿ, ಒಂದು ಕಾರ್ ಪಾರ್ಕಿಂಗ್ ಜಾಗದಲ್ಲಿ ಇದೆಲ್ಲ ಹಿಡಿಯುತ್ತೆ ಅಂತ ಅವರಿಗೆ ಹೇಳಿ.